ಆ ಧೂಳು ನಾನೇ ಹಾಕಿದ್ದು

ಮಾನ್ಯ ಸಂಪಾದಕರೇ,

ಕಳೆದ ವಾರದ ಓದುಗರ ಅಂಕಣದಲ್ಲಿ ಕೇಶ್ವಾಪುರದ ಓದುಗರೊಬ್ಬರ ಪತ್ರ ನೋಡಿದೆ. ಹೋದ ತಿಂಗಳು ನಮ್ಮೂರಲ್ಲಿ ನಡೆದ ಹವ್ಯಾಸಗಳ ಪ್ರದರ್ಶನಕ್ಕೆ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದರಂತೆ. ಅಂಚೆಚೀಟಿ, ನಾಣ್ಯ, ಬೋನ್ಸಾಯ್ ಎಲ್ಲವೂ ಚೆನ್ನಾಗಿತ್ತಂತೆ. ಪುಟ್ಟ ರೈಲಿನ ಟೇಬಲ್ ಮಾತ್ರ ಬೇಸರ ತಂದಿತಂತೆ. ಗೂಡ್ಸ್ ಡಬ್ಬಿಗಳು ಧೂಳು ತಿಂದು, ತುಕ್ಕು ಹಿಡಿದು ನಿಂತಿದ್ದವು, ಮಕ್ಕಳಿಗೆ ತೋರಿಸುವ ವಸ್ತುವನ್ನಾದರೂ ಒರೆಸಿ ಇಡಬಾರದೇ ಎಂದು ಕೇಳಿದ್ದಾರೆ.

ಆ ಟೇಬಲ್ ನನ್ನದು. ಡಬ್ಬಿಗಳೂ ನನ್ನವು. ಧೂಳೂ ನನ್ನದೇ. ಒಂದೊಂದು ಡಬ್ಬಿಗೆ ಹತ್ತು ಹನ್ನೆರಡು ಸಂಜೆ ಕೂತು ಹಾಕಿದ ಧೂಳು ಅದು.

ಪತ್ರ ಬರೆದವರ ಮೇಲೆ ನನಗೆ ಕೋಪವಿಲ್ಲ. ಯಾಕೆಂದರೆ ಅವರು ಬರೆಯುವ ಮೊದಲೇ ಅವರ ಆಸೆಯನ್ನು ಇನ್ನೊಬ್ಬರು ಪೂರೈಸಿಬಿಟ್ಟಿದ್ದರು. ಪ್ರದರ್ಶನದ ಎರಡನೇ ದಿನ ಹನ್ನೊಂದಕ್ಕೆ ಮುಖ್ಯ ಅತಿಥಿ ಬರುವವರಿದ್ದರು. ನಾನು ಚಹಾ ಕುಡಿಯಲು ಹೊರಗೆ ಹೋಗಿ ಹತ್ತು ನಿಮಿಷದಲ್ಲಿ ವಾಪಸ್ ಬಂದೆ. ಸ್ವಯಂಸೇವಕ ಹುಡುಗನೊಬ್ಬ ನನ್ನ ಟೇಬಲ್ ಮುಂದೆ ನಿಂತಿದ್ದ. ಕೈಯಲ್ಲಿ ಒದ್ದೆ ಬಟ್ಟೆ. ಅದು ಹಳದಿ ಬಟ್ಟೆ ಅಂತ ಗೊತ್ತಾಗುತ್ತಿದ್ದುದು ಅಂಚಿನಲ್ಲಿ ಮಾತ್ರ, ಉಳಿದದ್ದೆಲ್ಲ ಕೆಂಪಾಗಿತ್ತು. "ಸರ, ಭಾಳ ಹೊಲಸಾಗಿದ್ವು. ಗೆಸ್ಟ್ ಬರತಾರಲ್ಲ, ಅದಕ್ಕ ಒರಸೇನಿ ನೋಡ್ರಿ" ಅಂದ. ಮುಖದಲ್ಲಿ ಎಂಥ ಖುಷಿ! ಒಂಬತ್ತು ಡಬ್ಬಿಗಳಲ್ಲಿ ಆರನ್ನು ಮುಗಿಸಿದ್ದ. ಏಳನೆಯದಕ್ಕೆ ಕೈ ಹಾಕುವಷ್ಟರಲ್ಲಿ ನಾನು ಬಂದೆ.

ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಏನೂ ಅನ್ನಲಿಲ್ಲ. ಧೂಳು ಕಂಡರೆ ಒರೆಸಬೇಕು ಅಂತ ಮನೆಯಲ್ಲಿ ಕಲಿಸಿರುತ್ತಾರೆ, ಹುಡುಗ ಒರೆಸಿದ. ತಪ್ಪು ನನ್ನದೂ ಇದೆ, ಅದನ್ನು ಮುಂದೆ ಹೇಳುತ್ತೇನೆ. ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ದಿನಾ ಬರುತ್ತದೆ. "ಜನ ಹೊಲಸು ತೆಗೀತಾರ, ನೀವು ಹಚ್ಚಕೋತ ಕುಂದರ್ರಿ" ಅಂತ ನನ್ನ ಹೆಂಡತಿಯ ಮಾತು. ಆದ್ದರಿಂದ ಒಮ್ಮೆ ಬರೆದೇ ಹೇಳಿಬಿಡೋಣ ಅನ್ನಿಸಿತು.

ನಾನು ಗಡಿಯಾರ ರಿಪೇರಿ ಮಾಡುವವನು. ದುರ್ಗದಬೈಲಿನ ಹತ್ತಿರ ಒಂದು ಗೂಡಂಗಡಿ. ಇಬ್ಬರು ಗಿರಾಕಿ ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು. ಅಷ್ಟು ಗಿರಾಕಿ ಈಗ ಬರುವುದೂ ಇಲ್ಲ ಬಿಡಿ. ಸೆಲ್ ಹಾಕಿಸಿಕೊಳ್ಳುವವರು ಬರುತ್ತಾರೆ. ಇಲ್ಲವೇ ತೀರಿಹೋದ ತಂದೆಯ ಎಚ್‌ಎಂಟಿ ತಂದು "ಓಡೋ ಹಂಗ ಮಾಡ್ರಿ ಸಾಕು" ಅನ್ನುವವರು. ಹನ್ನೊಂದು ವರ್ಷದ ಹಿಂದೆ ಒಬ್ಬರು ಗಡಿಯಾರದ ಬದಲು ಒಂದು ರೈಲು ಎಂಜಿನ್ ತಂದು ಗಾಜಿನ ಮೇಲೆ ಇಟ್ಟರು. ಒಂದು ಗೇಣುದ್ದ, ಆರು ಜೋಡಿ ಗಾಲಿ, ಎತ್ತಿದರೆ ಒಳ್ಳೆ ಭಾರ. ಮಗ ಅಮೆರಿಕದಿಂದ ತಂದುಕೊಟ್ಟಿದ್ದಂತೆ. ಹಳಿ ಮೇಲೆ ಬಿಟ್ಟರೆ ಕುಂಟುತ್ತದೆ, ಗಾಲಿಯ ಪ್ರತಿ ಸುತ್ತಿಗೂ ಟಕ್ ಅನ್ನುತ್ತದೆ ಅಂದರು. "ಗಡಿಯಾರ ಬಿಚ್ಚತೀರಿ, ಇದನ್ನೂ ಬಿಚ್ಚರಿ."

ಬಿಚ್ಚಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಒಂದೊಂದೇ ಅಚ್ಚು ತಿರುಗಿಸಿ ನೋಡಿದೆ. ಅಚ್ಚಿನ ಮೇಲೆ ಬಿಗಿಯಾಗಿ ಕೂತ ಪ್ಲಾಸ್ಟಿಕ್ ಗೇರ್ ಕೂದಲೆಳೆಯಷ್ಟು ಸೀಳಿತ್ತು. ಪ್ಲಾಸ್ಟಿಕ್ ವರ್ಷ ಕಳೆದಂತೆ ಕುಗ್ಗುತ್ತದೆ, ಒಳಗಿನ ಲೋಹದ ಅಚ್ಚು ಕುಗ್ಗುವುದಿಲ್ಲ. ಗೇರ್ ಪಾಪ ಏನು ಮಾಡೀತು, ಬಾಯಿ ಬಿಡುತ್ತದೆ. ಬಾಯಿ ಬಿಟ್ಟ ಕಡೆ ಎರಡು ಹಲ್ಲಿನ ನಡುವಿನ ಸಂದು ದೊಡ್ಡದಾಗುತ್ತದೆ. ಮೇಲಿನ ಗೇರ್ ಆ ಸಂದಿಗೆ ಬಂದಾಗಲೆಲ್ಲ ಎಡವುತ್ತದೆ. ಟಕ್. ಸೂಪರ್ ಗ್ಲೂ ಹಚ್ಚಿ ನೋಡಿದೆ, ಆ ಜಾತಿಯ ಜಾರು ಪ್ಲಾಸ್ಟಿಕ್‌ಗೆ ಯಾವ ಅಂಟೂ ಕೂರುವುದಿಲ್ಲ. ಹೊಸ ಗೇರ್ ತರಿಸಲು ಆರು ವಾರ ಬೇಕಾಯಿತು. ಅಷ್ಟರಲ್ಲಿ ಅವರು ಮಗನ ಊರಿಗೇ ಹೊರಟು ನಿಂತಿದ್ದರು. "ಇಟಗೋರಿ, ಅಲ್ಲಿ ಇಂಥವು ಬೇಕಾದಷ್ಟ ಸಿಗತಾವ" ಅಂದುಬಿಟ್ಟರು. ಹೀಗೆ ಶುರುವಾಯಿತು ನನ್ನ ಹುಚ್ಚು.

ರಿಪೇರಿ ನನಗೆ ಕಷ್ಟವಾಗಲಿಲ್ಲ, ಕೈಗೆ ಅಭ್ಯಾಸವಿದೆ. ಈ ಪುಟ್ಟ ಎಂಜಿನ್‌ಗಳು 12 ವೋಲ್ಟಿನ ಮೋಟರ್‌ನಿಂದ ಓಡುತ್ತವೆ. ಕರೆಂಟ್ ಹಳಿಯಿಂದ ಗಾಲಿಗೆ, ಗಾಲಿಯಿಂದ ತೆಳುವಾದ ತಾಮ್ರದ ಪಟ್ಟಿಗೆ, ಅಲ್ಲಿಂದ ಮೋಟರಿಗೆ. ಎಂಜಿನ್ ತಡವರಿಸಿದರೆ ಜನ ಮೋಟರ್ ಕೆಟ್ಟಿತು ಅನ್ನುತ್ತಾರೆ. ಹೆಚ್ಚಿನ ಸಲ ಗಾಲಿಗೆ ಕಪ್ಪು ಮೆತ್ತಿರುತ್ತದೆ, ಅಷ್ಟೇ. ತೆಳು ಕಾಗದದ ಕರವಸ್ತ್ರವನ್ನು ಸ್ಪಿರಿಟ್‌ನಲ್ಲಿ ನೆನೆಸಿ ಹಳಿಗೆ ಅಡ್ಡ ಹಾಸಬೇಕು. ಎಂಜಿನ್ನಿನ ಒಂದು ತುದಿಯ ಗಾಲಿಗಳು ಬರೀ ಹಳಿಯ ಮೇಲೆ, ಇನ್ನೊಂದು ತುದಿಯವು ಕಾಗದದ ಮೇಲೆ. ಎಂಜಿನ್ ಬೆನ್ನು ಹಿಡಿದು ಕರೆಂಟ್ ಕೊಟ್ಟರೆ ಕಾಗದದ ಮೇಲಿನ ಗಾಲಿಗಳು ನಿಂತಲ್ಲೇ ಸುತ್ತುತ್ತವೆ. ಅರ್ಧ ನಿಮಿಷದಲ್ಲಿ ಕಾಗದದ ಮೇಲೆ ಎರಡು ಕಪ್ಪು ಗೆರೆ ಬರುತ್ತವೆ. ಆಮೇಲೆ ತಿರುಗಿಸಿ ಇನ್ನೊಂದು ತುದಿ. ಎಣ್ಣೆ ವಿಷಯದಲ್ಲಿ ಗಡಿಯಾರದ ನಿಯಮವೇ ಇಲ್ಲಿಗೂ. ಸೂಜಿ ತುದಿಯಲ್ಲಿ ನಿಂತಷ್ಟು ಸಾಕು. ಜಾಸ್ತಿ ಬಿಟ್ಟರೆ ಹರಿದು ಮೋಟರಿನ ಕಾಮ್ಯುಟೇಟರ್‌ಗೆ, ಅಂದರೆ ತಿರುಗುವ ಸುರುಳಿಗೆ ಕರೆಂಟ್ ಕೊಡುವ ಜಾಗಕ್ಕೆ ಹೋಗುತ್ತದೆ, ಆಮೇಲೆ ನಿಜವಾಗಿಯೂ ಮೋಟರ್ ಕೆಡುತ್ತದೆ.

ಕಟ್ಟುವುದು ಬೇರೆ ಕತೆ. ನಮ್ಮ ಭಾರತೀಯ ರೈಲಿನ ಮಾದರಿಗಳು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಾನೇ ಮಾಡಿಕೊಳ್ಳಬೇಕು. ನನ್ನ ಅಳತೆ ಎಚ್‌ಓ, ಅಂದರೆ 87ರಲ್ಲಿ ಒಂದು ಪಾಲು. ಕೆಂಪು ಅದಿರು, ಕಲ್ಲಿದ್ದಲು ಹೊರುವ ಮೇಲೆ ತೆರೆದ ಬಾಕ್ಸ್‌ಎನ್ ಡಬ್ಬಿಯನ್ನು ನೀವೆಲ್ಲ ಗೇಟ್ ಹಾಕಿದಾಗ ಎಣಿಸಿರುತ್ತೀರಿ. ಅದರ ಉದ್ದ 10,713 ಮಿಲಿಮೀಟರ್. ನನ್ನ ಟೇಬಲ್ ಮೇಲೆ 123 ಮಿಲಿಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯಲ್ಲಿ ಬದಿಗಳನ್ನು ಕತ್ತರಿಸಿ, ಮೇಲೆ ನಿಂತ ಪಟ್ಟಿಗಳನ್ನು ಒಂದೊಂದಾಗಿ ಅಂಟಿಸುತ್ತೇನೆ. ರಿವೆಟ್ ಬೇಕಾದ ಕಡೆ ಹಾಳೆಯ ಹಿಂದಿನಿಂದ ಮೊಂಡು ಸೂಜಿ ಒತ್ತಿದರೆ ಮುಂದೆ ಸಣ್ಣ ಗುಳ್ಳೆ ಏಳುತ್ತದೆ. ಸಾಲು ತಪ್ಪಿದರೆ ಹಾಳೆ ಎಸೆದು ಮತ್ತೆ ಮೊದಲಿನಿಂದ. ಪೂರ್ತಿ ರೇಕ್, ಅಂದರೆ ಒಂದು ಗೂಡ್ಸ್ ರೈಲಿನ ಇಡೀ ಸಾಲು, 58 ಡಬ್ಬಿ. ನನ್ನ ಅಳತೆಯಲ್ಲಿ ಅದು 7 ಮೀಟರ್ ದಾಟುತ್ತದೆ. ನನ್ನ ಹತ್ತಿರ ಇರುವುದು ಒಂಬತ್ತು. ನಮ್ಮ ಹುಬ್ಬಳ್ಳಿ ಸ್ಟೇಶನ್ನಿನ 1507 ಮೀಟರ್ ಪ್ಲಾಟ್‌ಫಾರಂ ಮಾಡಿಕೊಡಿ ಎಂದು ಒಬ್ಬ ಹುಡುಗ ಕೇಳಿದ್ದ. ಲೆಕ್ಕ ಹಾಕಿದರೆ 17 ಮೀಟರ್‌ಗೂ ಜಾಸ್ತಿ. ನಮ್ಮ ಹಿತ್ತಲಿನಿಂದ ಹಿಡಿದರೆ ರಸ್ತೆ ದಾಟಿ ಎದುರು ಮನೆಯ ಕಟ್ಟೆಗೆ ಮುಟ್ಟುತ್ತದೆ.

ಒಂದು ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ಮಿಲಿಮೀಟರಿನ ಮೇಲೆ ಬರಬೇಕು. ಪೇಟೆಯಲ್ಲಿ ಸಿಗುವ ಹಳಿ ಹೊರದೇಶದ 1435 ಮಿಲಿಮೀಟರ್ ಗೇಜಿಗೆ ಮಾಡಿದ್ದು, 16.5 ಮಿಲಿಮೀಟರ್ ಮಾತ್ರ. ಆದ್ದರಿಂದ ನನ್ನ ಡಬ್ಬಿಗಳು ಕಾಲು ಕೂಡಿಸಿಕೊಂಡು ನಿಂತ ಹಾಗೆ ಕಾಣುತ್ತವೆ. ಇದನ್ನು ಪ್ರದರ್ಶನದಲ್ಲಿ ಯಾರೂ ಕೇಳಲಿಲ್ಲ. ಧೂಳನ್ನು ಎಲ್ಲರೂ ಕೇಳಿದರು!

ಆ ಅಮೆರಿಕದ ಎಂಜಿನ್ ಏನಾಯಿತು ಅಂತೀರಾ? ಅದರ ಮೈ ತೆಗೆದಿಟ್ಟು, ಅದೇ ಗಾಲಿ ಮೋಟರಿನ ಮೇಲೆ ಡಬ್ಲ್ಯುಡಿಜಿ-4 ಎಂಬ ಗೂಡ್ಸ್ ಎಳೆಯುವ ಡೀಸೆಲ್ ಎಂಜಿನ್ ಕಟ್ಟಿದೆ. ನಮ್ಮ ಹುಬ್ಬಳ್ಳಿ ಶೆಡ್ಡಿನ ಎಂಜಿನ್ ಅದು. 4000 ಅಶ್ವಶಕ್ತಿಯದು. ಮೊದಲ ಕೆಲವು 1999ರಲ್ಲಿ ಅಮೆರಿಕದ ಇಎಂಡಿ ಕಂಪನಿಯಿಂದಲೇ ಬಂದವು, ಆಮೇಲೆ ವಾರಾಣಸಿಯಲ್ಲಿ ಮಾಡತೊಡಗಿದರು. ಹೀಗಾಗಿ ಅಮೆರಿಕದ ಕಾಲಿನ ಮೇಲೆ ಹುಬ್ಬಳ್ಳಿಯ ಮೈ ಕೂತರೆ ಅಷ್ಟೇನೂ ಅನ್ಯಾಯವಲ್ಲ, ಅಲ್ವಾ?

ಈಗ ಧೂಳಿಗೆ ಬರೋಣ.

ನನ್ನ ತಂದೆ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಪೇಂಟರ್ ಆಗಿದ್ದರು. 1885ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ ಶುರುವಾದ ವರ್ಕ್‌ಶಾಪ್ ಅದು. ಡಬ್ಬಿಗಳು ಮೈತುಂಬ ಕೊಳೆ ಹೊತ್ತು ಒಳಗೆ ಹೋಗುತ್ತವೆ, ಪಿಓಎಚ್, ಅಂದರೆ ಅವಧಿಗೊಮ್ಮೆ ಮಾಡುವ ಪೂರ್ತಿ ರಿಪೇರಿ ಮುಗಿಸಿ ಹೊಸ ಬಣ್ಣದಲ್ಲಿ ಹೊರಗೆ ಬರುತ್ತವೆ. ಮತ್ತೆ ಯಾವಾಗ ಬರಬೇಕು ಎಂಬ ತಾರೀಖನ್ನು ಡಬ್ಬಿಯ ತುದಿಯಲ್ಲಿ ಬರೆದಿರುತ್ತಾರೆ. ಆ ಅಕ್ಷರ ಬರೆಯುವುದು ಅಪ್ಪನ ಕೆಲಸ. ಅವರು ಎಂದೂ ಡಬ್ಬಿಯನ್ನು ಬೋಗಿ ಅನ್ನುತ್ತಿರಲಿಲ್ಲ, ಬೋಗಿ ಅಂದರೆ ಕೆಳಗಿನ ಗಾಲಿಗಳ ಚೌಕಟ್ಟು ಅಂತ ಊರಿಗೆಲ್ಲ ತಿದ್ದುತ್ತಿದ್ದರು. ಅವರು ಡಬ್ಬಿಯ ಕೊಳೆ ನೋಡಿಯೇ ಅದು ಎಲ್ಲಿ ಓಡಾಡಿದೆ ಎಂದು ಹೇಳುತ್ತಿದ್ದರು. ಚಿಕ್ಕವನಿದ್ದಾಗ ಅದನ್ನು ಜಾದೂ ಅಂದುಕೊಂಡಿದ್ದೆ.

ಈಗ ನನಗೂ ಸ್ವಲ್ಪ ತಿಳಿಯುತ್ತದೆ. ಹೊಸಪೇಟೆ ಕಡೆಯ ಅದಿರು ಗದಗ, ಹುಬ್ಬಳ್ಳಿ, ಲೋಂಡಾ ದಾಟಿ, ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದು ಮುರ್ಮುಗಾಂವ್ ಬಂದರಿಗೆ ಹೋಗುತ್ತಿತ್ತು. ಬಂದರಿನಿಂದ ತೋರಣಗಲ್ಲಿಗೆ ಕಲ್ಲಿದ್ದಲು ಮೇಲೆ ಬರುತ್ತದೆ. ಈ ದಾರಿಯ ಡಬ್ಬಿಗೆ ಎರಡೂ ಬಣ್ಣ ಹತ್ತಿರುತ್ತದೆ. ಕೆಂಪು ಹುಡಿ ಮೇಲಿನ ಅಂಚಿನಲ್ಲೂ ಪಟ್ಟಿಗಳ ಸಂದಿಯಲ್ಲೂ ಕೂತಿರುತ್ತದೆ. ಅದರ ಮೇಲೆ ಕರಿ ಹುಡಿಯ ತೆಳು ಪದರ. ಮಳೆ ಬಂದಾಗ ಎರಡೂ ಕಲೆತು ಕೆಳಗೆ ಇಳಿಯುತ್ತವೆ, ಬಾಗಿಲ ಕೀಲಿನ ಹತ್ತಿರ ನಿಲ್ಲುತ್ತವೆ. ಘಟ್ಟದಲ್ಲಿ 37 ಅಡಿಗೆ ಒಂದು ಅಡಿ ಇಳಿಜಾರು. ಅಷ್ಟು ದೂರ ಬ್ರೇಕ್ ಹಿಡಿದೇ ಇಳಿಯಬೇಕು. ಬ್ರೇಕಿನ ಹುಡಿ ಗಾಲಿ, ಚೌಕಟ್ಟು, ಸ್ಪ್ರಿಂಗ್ ಎಲ್ಲಕ್ಕೂ ಕಂದು ಬಣ್ಣ ಬಳಿಯುತ್ತದೆ. ಗಾಲಿ ಹಳಿಗೆ ತಾಗುವ ಸುತ್ತು ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿರುತ್ತದೆ.

ಇದನ್ನೆಲ್ಲ ಐದು ಇಂಚೂ ಇಲ್ಲದ ಡಬ್ಬಿಯ ಮೇಲೆ ತರಬೇಕು. ಮೊದಲು ತುಕ್ಕಿನ ಬಣ್ಣ ಬಳಿಯುತ್ತೇನೆ. ಒಣಗಿದ ಮೇಲೆ ಅಲ್ಲಲ್ಲಿ ನೀರು ಸವರಿ ಅಡುಗೆ ಉಪ್ಪಿನ ಹರಳು ಉದುರಿಸುತ್ತೇನೆ. ಅದು ಅಂಟಿಕೊಂಡ ಮೇಲೆ ಡಬ್ಬಿಯ ನಿಜವಾದ ಕಂದುಗೆಂಪು ಬಣ್ಣದ ಸ್ಪ್ರೇ. ಅದೂ ಒಣಗಿದ ಮೇಲೆ ಗಡಸು ಬ್ರಶ್‌ನಿಂದ ಉಪ್ಪು ಕೆರೆದರೆ, ಬಣ್ಣ ಎದ್ದುಹೋಗಿ ತುಕ್ಕು ಕಾಣುವ ಚಿಕ್ಕ ಚಿಕ್ಕ ಗಾಯಗಳು ಉಳಿಯುತ್ತವೆ. ಗಾಯಗಳ ಅಂಚು ಹೇಗೆಂದರೆ ಹಾಗೆ ಇರುತ್ತದೆ, ಕೈಯಿಂದ ಬರೆದರೆ ಹಾಗೆ ಬರುವುದಿಲ್ಲ. ಆಮೇಲೆ ನಂಬರು, ಅಕ್ಷರ. ಅದರ ಮೇಲೆ ಹೊಳಪಿಲ್ಲದ ವಾರ್ನಿಷ್. ನಂತರ ತೀರಾ ನೀರಾದ ಕಪ್ಪು ಬಣ್ಣ ಬಿಟ್ಟು, ಒಣ ಬ್ರಶ್‌ನಿಂದ ಮೇಲಿನಿಂದ ಕೆಳಗೆ ಎಳೆಯಬೇಕು. ಯಾವಾಗಲೂ ಮೇಲಿನಿಂದ ಕೆಳಗೇ. ಮಳೆ ಅಡ್ಡ ಹರಿಯುವುದಿಲ್ಲವಲ್ಲ.

ಕೊನೆಗೆ ಪುಡಿ. ಇದು ನನ್ನ ಇಷ್ಟದ ಕೆಲಸ. ಹೊರದೇಶದ ಪುಡಿ ಸಿಗುತ್ತದೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನನ್ನ ಕೆಂಪು ಧಾರವಾಡದ ಕೆಮ್ಮಣ್ಣು. ನನ್ನ ಕಪ್ಪು ನವಲಗುಂದ ಕಡೆಯ ಯರಿ ಮಣ್ಣು. ಎಂಜಿನ್ನಿನ ಹೊಗೆ ಬರುವ ಜಾಗಕ್ಕೆ ಎಣ್ಣೆ ದೀಪದ ಕಾಡಿಗೆ. ಮಣ್ಣನ್ನು ಕುಟ್ಟಿ ಹಳೆ ಧೋತರದ ಬಟ್ಟೆಯಲ್ಲಿ ಮೂರು ಸಲ ಸೋಸುತ್ತೇನೆ. ಯಾಕೆಂದರೆ ನನ್ನ ಅಳತೆಯಲ್ಲಿ ಒಂದು ಮಿಲಿಮೀಟರಿನ ಹರಳು ಅಂದರೆ 87 ಮಿಲಿಮೀಟರಿನ ಕಲ್ಲು. ಡಬ್ಬಿಯ ಬದಿಗೆ ಮೂಸಂಬಿಯಷ್ಟು ದೊಡ್ಡ ಕಲ್ಲು ಅಂಟಿಕೊಂಡಿದ್ದನ್ನು ಯಾರಾದರೂ ನೋಡಿದ್ದೀರಾ?

ಒಮ್ಮೆ ಜಾಣತನ ಮಾಡಲು ಹೋಗಿ ಕೆಟ್ಟೆ. ತುಕ್ಕಿಗೆ ನಿಜವಾದ ತುಕ್ಕೇ ಇರಲಿ ಅಂತ ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ನೀರಿನಲ್ಲಿ ಹಾಕಿಟ್ಟು, ತುಕ್ಕು ಹಿಡಿಸಿ, ಪುಡಿ ಮಾಡಿ ಎಂಜಿನ್ನಿನ ಕೆಳಭಾಗಕ್ಕೆ ಹಚ್ಚಿದೆ. ಬಣ್ಣವೇನೋ ಬಹಳ ಚೆನ್ನಾಗಿ ಬಂತು. ಮೋಟರಿನಲ್ಲಿ ಅಯಸ್ಕಾಂತ ಇದೆ ಅನ್ನುವುದನ್ನು ಮರೆತಿದ್ದೆ. ತುಕ್ಕಾಗದೆ ಉಳಿದ ಕಬ್ಬಿಣದ ಚೂರುಗಳು ಒಂದೊಂದಾಗಿ ಒಳಗೆ ಹೋಗಿ ಗಡ್ಡದ ಹಾಗೆ ಅಂಟಿಕೊಂಡವು. ನಾಲ್ಕನೇ ದಿನ ಎಂಜಿನ್ ಕಿರ್ ಅಂದು ನಿಂತಿತು. ಎರಡು ಭಾನುವಾರ ಚಿಮಟಿಗೆ ಹಿಡಿದು ಆ ಗಡ್ಡ ಕಿತ್ತೆ. ಈಗ ಎಂಜಿನ್ ಹತ್ತಿರ ಮಣ್ಣು, ಕಾಡಿಗೆ ಬಿಟ್ಟು ಬೇರೆ ಏನನ್ನೂ ತರುವುದಿಲ್ಲ.

ಹೊಲಸು ಹಚ್ಚುವುದಕ್ಕೂ ಸರಿ ತಪ್ಪು ಇದೆ. ಈಗಿನ ಬಾಕ್ಸ್‌ಎನ್‌ಎಚ್‌ಎಲ್ ಡಬ್ಬಿಗಳ ಮೈ ಸ್ಟೇನ್‌ಲೆಸ್ ಸ್ಟೀಲ್. ಅವುಗಳಿಗೆ ಕೆಂಪು ತುಕ್ಕು ಬಳಿದರೆ ಹಸಿ ಸುಳ್ಳು, ಅವಕ್ಕೆ ಧೂಳು ಸಾಕು. ಹಳೆಯ ನೀಲಿ ಪ್ಯಾಸೆಂಜರ್ ಡಬ್ಬಿಗೆ ತುದಿಯ ಬಫರುಗಳ, ಅಂದರೆ ಡಿಕ್ಕಿ ತಡೆಯುವ ತಟ್ಟೆಗಳ ಮುಖದ ಮೇಲೆ ಗ್ರೀಸಿನ ಕಪ್ಪು ಚಂದ್ರ ಇರಲೇಬೇಕು. ಕಿಟಕಿಯ ಕೆಳಗೆ ಎಲೆ ಅಡಿಕೆ, ಗುಟ್ಕಾ ಉಗುಳಿದ ಕೆಂಪು ಗೆರೆಯೂ ಬೇಕು. ರೈಲು ಓಡುವಾಗ ಉಗುಳಿದ್ದು ಗಾಳಿಗೆ ಹಿಂದಕ್ಕೆ ಬಾಗಿರುತ್ತದೆ, ನಿಂತಾಗ ಉಗುಳಿದ್ದು ನೇರ ಇಳಿದಿರುತ್ತದೆ. ನಾನು ಎರಡನ್ನೂ ಹಾಕಿದ್ದೇನೆ. ಪ್ರದರ್ಶನದಲ್ಲಿ ಒಬ್ಬ ಟಿಕೆಟ್ ಕಲೆಕ್ಟರ್ ಮಾತ್ರ ಅದನ್ನು ಗುರುತಿಸಿ ಹೊಟ್ಟೆ ಹಿಡಿದು ನಕ್ಕರು.

ನನ್ನ ತಪ್ಪು ಹೇಳುತ್ತೇನೆ ಅಂದಿದ್ದೆ. ಪುಡಿ ಹಾಕಿದ ಮೇಲೆ ಮತ್ತೊಮ್ಮೆ ವಾರ್ನಿಷ್ ಹೊಡೆದು ಭದ್ರ ಮಾಡಬೇಕು. ಹೊಡೆದರೆ ಪುಡಿಯ ಅರ್ಧ ಅಂದ ಹೋಗುತ್ತದೆ, ಮಣ್ಣು ಮಣ್ಣಿನ ಹಾಗೆ ಕಾಣುವುದಿಲ್ಲ, ಬಣ್ಣದ ಹಾಗೆ ಕಾಣುತ್ತದೆ. ಆ ಆಸೆಗೆ ನಾನು ಹೊಡೆದಿರಲಿಲ್ಲ. ಒದ್ದೆ ಬಟ್ಟೆಗೆ ಅಷ್ಟೇ ಸಾಕಾಯಿತು. ಪ್ರದರ್ಶನ ನಡೆಸುವವರಿಗೂ ಒಂದು ವಿನಂತಿ. ಮುಂದಿನ ಸಲ ಇಂಥ ಟೇಬಲ್ ಮೇಲೆ ಒಂದು ಗಾಜಿನ ಮುಚ್ಚಳ ಕೊಡಿ. ಇಲ್ಲವೇ "ಒರೆಸಬೇಡಿ" ಅಂತ ಬೋರ್ಡ್ ಇಡಲು ಬಿಡಿ. ನಾನು ಇಟ್ಟಿದ್ದೆ, ಚೆನ್ನಾಗಿ ಕಾಣುವುದಿಲ್ಲ ಅಂತ ತೆಗೆಸಿದರು.

ಕೇಶ್ವಾಪುರದ ಓದುಗರಲ್ಲಿಯೂ ಒಂದು ಮಾತು. ಗದಗ ರಸ್ತೆಯ ರೈಲ್ವೆ ಮ್ಯೂಸಿಯಂಗೆ ಮೊಮ್ಮಗನನ್ನು ಕರೆದುಕೊಂಡು ಹೋಗಿ. ಅಲ್ಲಿ ಎಲ್ಲವೂ ಒರೆಸಿ, ಹೊಸ ಬಣ್ಣ ಹೊಡೆದು, ಥಳಥಳ ಅನ್ನುತ್ತಿರುತ್ತದೆ. ಮ್ಯೂಸಿಯಂ ಹಾಗೇ ಇರಬೇಕು. ಆದರೆ ದುಡಿಯುವ ರೈಲು ಹಾಗಿರುವುದಿಲ್ಲ. ಅದನ್ನು ನೋಡಬೇಕಾದರೆ ಎಲ್ಲಾದರೂ ರೈಲ್ವೆ ಗೇಟ್ ಬಿದ್ದಾಗ ಐದು ನಿಮಿಷ ಗಾಡಿ ಆಫ್ ಮಾಡಿ ಡಬ್ಬಿಗಳ ಹೊಟ್ಟೆ ನೋಡಿ. ಈಗ ಮೇಲೆ ವಿದ್ಯುತ್ ತಂತಿ ಬಂದಿದೆ, ಡೀಸೆಲ್ ಹೊಗೆ ಕಡಿಮೆಯಾಗುತ್ತಿದೆ. ನನ್ನ ಕಾಡಿಗೆಗೂ ಮುಂದೆ ಕೆಲಸವಿರುವುದಿಲ್ಲವೇನೋ.

ಓದುಗರಲ್ಲಿ ಯಾರ ಹತ್ತಿರವಾದರೂ ಮೀಟರ್ ಗೇಜ್ ಕಾಲದ, ಅಂದರೆ ಹಳಿಗಳ ನಡುವೆ ಒಂದೇ ಮೀಟರ್ ಅಂತರವಿದ್ದ ಕಾಲದ ಫೋಟೊ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಆಯುಧಪೂಜೆಗೆ ಮಾಲೆ ಹಾಕಿಸಿಕೊಂಡ ಎಂಜಿನ್ನಿನ ಫೋಟೊ ಎಲ್ಲರ ಮನೆಯಲ್ಲೂ ಸಿಗುತ್ತದೆ. ನನಗೆ ಬೇಕಾದದ್ದು ಅದಲ್ಲ. ಗದಗ-ಸೊಲ್ಲಾಪುರ ಲೈನಿನ ಗೂಡ್ಸ್ ಡಬ್ಬಿ, ಶೆಡ್ಡಿನ ಮೂಲೆಯಲ್ಲಿ ನಿಂತ ವೈಜಿ ಎಂಬ ಉಗಿ ಎಂಜಿನ್, ಇಂಥವು. ಮದುವೆ ದಿಬ್ಬಣದ ಫೋಟೊದ ಹಿಂದೆ ಅರ್ಧ ಡಬ್ಬಿ ಕಂಡರೂ ಸಾಕು. ಅಂಗಡಿಗೆ ತಂದು ತೋರಿಸಿ, ನೋಡಿ ಅಲ್ಲೇ ವಾಪಸ್ ಕೊಡುತ್ತೇನೆ. ಗಡಿಯಾರದ ಸೆಲ್ ಪುಕ್ಕಟೆ.

ಒರೆಸಿಹೋದ ಆರು ಡಬ್ಬಿಗಳಲ್ಲಿ ಐದಕ್ಕೆ ಮತ್ತೆ ಮಣ್ಣು ಹಾಕುತ್ತಿದ್ದೇನೆ. ಆರನೆಯದನ್ನು ಬಿಟ್ಟಿದ್ದೇನೆ. ಅದರ ಮೇಲೆ ಹುಡುಗ ಒಂದೇ ಸಲ ಬಟ್ಟೆ ಆಡಿಸಿದ್ದ, ಸರಿಯಾಗಿ ಹನ್ನೊಂದು ಅಂಕಿಯ ನಂಬರಿನ ಮೇಲೆ. ಸುತ್ತ ಕೆಂಪು ಧೂಳು, ನಡುವೆ ಒಂದು ಪಟ್ಟಿ ಸ್ವಚ್ಛ, ಅದರೊಳಗೆ ಬಿಳಿ ಅಂಕಿಗಳು. ಮರುದಿನ ಅಂಗಡಿಯಲ್ಲಿ ಅದನ್ನು ಬೆಳಕಿಗೆ ಹಿಡಿದಾಗ ನೆನಪಾಯಿತು. ಯಾರ್ಡಿನಲ್ಲಿ ನಂಬರು ಬರೆದುಕೊಳ್ಳುವವರು ಡಬ್ಬಿಯ ಮೇಲೆ ಧೂಳು ಜಾಸ್ತಿ ಇದ್ದರೆ ಹತ್ತಿಯ ವೇಸ್ಟಿನಿಂದ ಹೀಗೇ ಒಂದು ಸಲ ಒರೆಸಿ, ಓದಿ, ಮುಂದಕ್ಕೆ ಹೋಗುತ್ತಾರೆ. ಅದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಆ ಡಬ್ಬಿಗೆ ಈಗ ವಾರ್ನಿಷ್ ಹೊಡೆದಾಯಿತು.

ಇಂತಿ ನಿಮ್ಮ ಓದುಗ,
ಗಡಿಯಾರ ರಿಪೇರಿಯವ, ಹಳೇ ಹುಬ್ಬಳ್ಳಿ